ಅಮಾವಾಸ್ಯೆಯ ಮರುದಿನದ ಅಂಗಳ

ಯಾರ ಮನೆಯ ಮುಂದೆ ನಿಂತರೂ ಅವರು ಓರೆಯಾಗಿ ನಿಲ್ಲುತ್ತಿದ್ದರು. ಒಂದು ಕಾಲು ಮೆಟ್ಟಿಲ ಮೇಲೆ, ಇನ್ನೊಂದು ನೆಲದ ಮೇಲೆ, ಎದೆ ಬಾಗಿಲ ಕಡೆ, ಮುಖ ಓಣಿಯ ಕಡೆ. ಉದ್ದನೆಯ ಒಣಕಲು ಆಳು. ಧೋತರದ ಚುಂಗನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿದ್ದರಿಂದ ಬಲಗಾಲಿನ ಮೀನಖಂಡ ಕಾಣುತ್ತಿತ್ತು. ಅಲ್ಲಿ ಸೈಲೆನ್ಸರ್ ತಾಗಿ ಸುಟ್ಟ ಕಲೆಗಳು ಒಂದರ ಮೇಲೊಂದು ಬಿದ್ದು ಚರ್ಮ ಹೊಳೆಯುತ್ತಿತ್ತು. ಒಳಗೆ ಬನ್ನಿ ಎಂದರೆ "ಇಲ್ಲೇ ಚೊಲೋ ಐತಿ ಬಿಡ್ರಿ" ಎಂದು ನಿಂತಲ್ಲೇ ಮಾತು ಮುಗಿಸಿ ಹೊರಟುಬಿಡುವರು. ಮೊದಲ ಸಲ ನನ್ನ ಬಾಗಿಲಲ್ಲಿ ಹಾಗೆ ಮಾಡಿದಾಗ ನನಗೆ ಸಿಟ್ಟು ನೆತ್ತಿಗೇರಿತ್ತು. ನಾನೇನು ಹುಲಿಯೇ, ಕರಡಿಯೇ, ಒಳಗೆ ಬಂದವರನ್ನು ಹಿಡಿದು ತಿನ್ನಲಿಕ್ಕೆ?

ಅವರು ನಮ್ಮ ಹುನಗುಂದದ ಕೋರ್ಟಿನಲ್ಲಿಯೇ ಬೇಲೀಫರಾಗಿದ್ದವರು. ಸಮನ್ಸು, ನೋಟೀಸು, ಜಪ್ತಿಯ ಹುಕುಂ, ಏನಿದ್ದರೂ ಊರೂರಿಗೆ ಹೋಗಿ ಹೆಸರು ಹಿಡಿದು ಕೂಗಿ, ಕೈಗೆ ಕೊಟ್ಟು, ಸಹಿ ಹಾಕಿಸಿಕೊಂಡು ಬರುವ ಕೆಲಸ. ಇಡೀ ಸರ್ವೀಸು ಮೋಟಾರ್‌ಸೈಕಲ್ಲಿನ ಮೇಲೆಯೇ ಕಳೆದಿದ್ದರು. ನಾನು ಅವರ ಪಕ್ಕದ ಮನೆಗೆ ಬಾಡಿಗೆಗೆ ಬರುವಷ್ಟರಲ್ಲಿ ನಿವೃತ್ತರಾಗಿ ಎಷ್ಟೋ ಕಾಲವಾಗಿತ್ತು. ಆದರೂ ಅವರು ಬಾಗಿಲಲ್ಲಿ ನಿಂತರೆ ಓಣಿಯ ಜನ ಮೊದಲು ಅವರ ಮುಖ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದರು. ಕಾಗದ ಇಲ್ಲವೆಂದು ಖಾತ್ರಿಯಾದ ಮೇಲೆಯೇ "ಏನ್ರಿ ಕಾಕಾ?" ಎಂದು ಕೇಳುತ್ತಿದ್ದರು. ಹೆಂಡತಿ ತೀರಿಕೊಂಡಿದ್ದರು. ಮಕ್ಕಳಿರಲಿಲ್ಲ. ಇಳಕಲ್ಲಿನಲ್ಲಿ ಅಣ್ಣನ ಮಗನೊಬ್ಬ ಇದ್ದ, ಹಬ್ಬಕ್ಕೊಮ್ಮೆ ಫೋನು ಮಾಡುತ್ತಿದ್ದ. ಓಣಿಗೆಲ್ಲ ಅವರು ಬೇಲೀಫ್ ಕಾಕಾ.

ನಾನೂ ಅವರ ಕೈಯನ್ನೇ ನೋಡಿದವಳು. ಸುಳ್ಳು ಯಾಕೆ ಹೇಳಲಿ? ಆಗ ನಾನು ಬಾಗಲಕೋಟೆಯ ನವನಗರದಲ್ಲಿದ್ದ ಗಂಡನ ಮನೆ ಬಿಟ್ಟು ಬಂದಿದ್ದೆ. ನಮ್ಮ ಸಂಸಾರದ ಕತೆ ಇಲ್ಲಿ ಬೇಡ, ಇಬ್ಬರಿಗೂ ಸಾಕಾಗಿತ್ತು. ಗಂಡನ ಕಡೆಯಿಂದ ಸೋಡಚೀಟಿಯ, ಅಂದರೆ ವಿಚ್ಛೇದನದ ನೋಟೀಸು ಇಂದಲ್ಲ ನಾಳೆ ಬರುವುದಿತ್ತು. ಬರಲಿ ಎಂದು ಬಾಯಿಯಲ್ಲಿ ಅನ್ನುತ್ತಿದ್ದೆ. ಗೇಟಿನ ಸದ್ದಾದರೆ ಕಿಟಕಿಯಿಂದ ಇಣುಕುತ್ತಿದ್ದೆ. ಅಂಥ ಹೊತ್ತಿನಲ್ಲಿ ಬದಿಯ ಮನೆಯವರೇ ಬೇಲೀಫರು ಎಂದು ಗೊತ್ತಾದಾಗ, ಹಣೆಬರಹವೇ ನನ್ನನ್ನು ಹುಡುಕಿಕೊಂಡು ಬಂದು ಗೋಡೆಯ ಆಚೆ ಮನೆ ಮಾಡಿದೆ ಅನ್ನಿಸಿತ್ತು.

ನನ್ನ ಕೆಲಸ ದನದ ದವಾಖಾನೆಯಲ್ಲಿ. ಪಶು ಪರಿವೀಕ್ಷಕಿ ಎಂದು ಆರ್ಡರಿನಲ್ಲಿದೆ, ಹಳ್ಳಿಯವರ ಬಾಯಲ್ಲಿ ದನದ ಡಾಕ್ಟರಬಾಯಿ. ಆಕಳು ಬೆದೆಗೆ ಬಂದಿದೆ, ಎಮ್ಮೆ ಮೇವು ಬಿಟ್ಟಿದೆ ಎಂದು ಫೋನು ಬಂದರೆ ಹೊತ್ತಿಗೆ ಸರಿಯಾಗಿ ಮುಟ್ಟಬೇಕು. ಬೆದೆಯ ಹೊತ್ತು ಮೀರಿದರೆ ಆ ಮನೆಯವರ ಒಂದು ಕರುವೇ ಹೋಯಿತು. ಎರೆ ಹೊಲದ ದಾರಿಯಲ್ಲಿ ಸ್ಕೂಟಿ ನಡೆಯುವುದಿಲ್ಲವೆಂದು ಹಳೆಯದೊಂದು ಮೋಟಾರ್‌ಸೈಕಲ್ ಕೊಂಡಿದ್ದೆ. ಹೆಣ್ಣು ಮಗಳು ಗಂಡಸರ ಗಾಡಿಗೆ ಕಿಕ್ ಹೊಡೆಯುವುದನ್ನು ನೋಡಲಿಕ್ಕೆ ಓಣಿಯ ಕಟ್ಟೆಯ ಮೇಲೆ ಬೆಳಿಗ್ಗೆಯೇ ನಾಲ್ಕು ಮಂದಿ ಕೂಡುತ್ತಿದ್ದರು. ನನ್ನ ಬಾಯಿ ಮೊದಲೇ ಜೋರು. ಬಂದ ಹೊಸದರಲ್ಲೇ ಅವರೊಡನೆ ಜಗಳ ತೆಗೆದು, ಅವರ ಮನೆಯ ಹೆಂಗಸರ ಜೊತೆಗೂ ಮಾತಿಲ್ಲದಂತೆ ಮಾಡಿಕೊಂಡಿದ್ದೆ.

ಒಂದು ದಿನ ಬೆಳಿಗ್ಗೆ ಗಾಡಿ ಚಾಲೂ ಆಯಿತು, ಓಣಿಯ ತಿರುವಿನವರೆಗೆ ಹೋಗಿ ಗಕ್ಕನೆ ನಿಂತಿತು. ಕಿಕ್ ಹೊಡೆದೆ, ಹೊಡೆದೆ, ಬೆವರು ಕಿತ್ತುಕೊಂಡು ಬಂತು. ಕಟ್ಟೆಯ ಮಂದಿ ಬಿಟ್ಟಿ ನಾಟಕ ನೋಡುವಂತೆ ನೋಡುತ್ತಿದ್ದರು. "ಏನ್ ನೋಡ್ತೀರಿ? ಎಂದೂ ಗಾಡಿ ಕಂಡಿಲ್ಲೇನ್?" ಎಂದು ಒದರಿದೆ. ಆಗ ಹಿಂದಿನಿಂದ ತಣ್ಣನೆಯ ದನಿಯೊಂದು ಬಂತು.

"ಬಾಯಾರ, ಗಾಡಿ ನಮ್ಮ ಅಂಗಳಕ್ಕ ತರ್ರಿ. ಅದೇನ್ ಹೇಳ್ತೈತಿ ಕೇಳೂಣು."

ಗಾಡಿ ನೂಕಿಕೊಂಡು ಹೋದೆ. ಕಾಕಾ ಒಂದು ಸ್ಟೂಲು ಎಳೆದುಕೊಂಡು ಗಾಡಿಯ ಎದುರು ಕುಳಿತರು. ಮುಟ್ಟಲೇ ಇಲ್ಲ. ನನಗೂ ಕೂಡಲು ಕಲ್ಲುಹಾಸು ತೋರಿಸಿದರು.

"ನಿನ್ನೆ ಗಾಡಿ ನೀವಾ ಹೊಡದಿದ್ರಿ?"

"ಮತ್ಯಾರ್ ಹೊಡೀತಾರ್ರಿ?"

"ಬರೂಮುಂದ ಚೊಲೋ ಇತ್ತು?"

"ಇತ್ರಿ."

"ಸಂಜಿಮುಂದ ಎಲ್ಲಿ ನಿಲ್ಸಿದ್ರಿ?"

"ಮನಿ ಮುಂದ. ಓಣ್ಯಾಗ."

"ಅಲ್ಲಿ ಯಾರಿದ್ರು?"

"ಹುಡುಗ್ರು ಇದ್ರು. ಮ್ಯಾಲೆ ಕುಂತು ಡುರ್ ಡುರ್ ಅಂತ ಆಡಾಕತ್ತಿದ್ರು, ಬೈದು ಕಳಿಸ್ದೆ. ಅಲ್ರಿ ಕಾಕಾ, ಗಾಡಿ ನೋಡ್ತೀರೋ, ನನ್ನ ವಿಚಾರಣಿ ಮಾಡ್ತೀರೋ?"

"ವಿಚಾರಣಿ ಆಗ್ದ ತೀರ್ಪು ಹೆಂಗ್ ಕೊಡೂದ್ರಿ? ಟಾಕಿ ಕೆಳಗ ಕೈ ಹಾಕ್ರಿ. ಪೆಟ್ರೋಲ್ ಕಾಕ್ ಯಾವ ಕಡಿ ತಿರುಗೈತಿ ನೋಡ್ರಿ."

ಬಂದ್ ಆಗಿತ್ತು. ಹುಡುಗರು ಆಡುತ್ತಾ ತಿರುಗಿಸಿಬಿಟ್ಟಿದ್ದರು. ಕಾರ್ಬೊರೇಟರಿನಲ್ಲಿ ಉಳಿದಿದ್ದ ಪೆಟ್ರೋಲು ಮುಗಿಯುವವರೆಗೆ ಗಾಡಿ ಓಡಿ ನಿಂತಿತ್ತು. ನನ್ನ ಮುಖ ನೋಡಿ ಕಾಕಾ ನಗಲಿಲ್ಲ. ನಾನೇ ನಕ್ಕೆ. ಗಂಡನ ಮನೆ ಬಿಟ್ಟು ಬಂದ ಮೇಲೆ ಇನ್ನೊಬ್ಬರ ಎದುರು ನಾನು ನಕ್ಕಿದ್ದು ಅದೇ ಮೊದಲಿರಬೇಕು.

ಅವರ ಪದ್ಧತಿಯೇ ಅದು. ಗಾಡಿ ತಂದವರು ಹಿಂದಿನ ದಿನದ ಕತೆಯನ್ನು ಪೂರ್ತಿ ಹೇಳುವವರೆಗೆ ನಟ್ಟು ಬಿಚ್ಚುವ ಪಾನಾ ಕೈಗೆ ತೆಗೆದುಕೊಳ್ಳುತ್ತಿರಲಿಲ್ಲ. ಎಲ್ಲಿಗೆ ಹೋಗಿದ್ದಿರಿ, ಯಾವ ಬಂಕಿನಲ್ಲಿ ಎಣ್ಣೆ ಹಾಕಿಸಿದಿರಿ, ಹೊಳೆ ದಾಟಿದಿರಾ, ಯಾರ ಕೈಗಾದರೂ ಗಾಡಿ ಕೊಟ್ಟಿದ್ದಿರಾ. ಕೇಳುತ್ತಾ ಕೇಳುತ್ತಾ ಮಾತು ಗಾಡಿ ಬಿಟ್ಟು ಬೇರೆಲ್ಲಿಗೋ ಹೋಗುತ್ತಿತ್ತು. ಅಳಿಯನ ಜಗಳ, ಅವ್ವನ ಮಂಡಿನೋವು, ಜೋಳದ ರೇಟು. ಕಾಕಾ ಎಲ್ಲವನ್ನೂ ತಲೆದೂಗಿ ಕೇಳುತ್ತಿದ್ದರು. ಮೊದಮೊದಲು ಇದು ಕೋರ್ಟಿನ ಚಟ ಅಂದುಕೊಂಡಿದ್ದೆ. ಆಮೇಲೆ ತಿಳಿಯಿತು, ಪಾನಾ ಹಿಡಿದರೆ ಕೆಲಸ ಬೇಗ ಮುಗಿಯುತ್ತದೆ, ಕೆಲಸ ಮುಗಿದರೆ ಬಂದವರು ಹೋಗುತ್ತಾರೆ.

ನನಗೆ ಮಾತ್ರ ಕೆಲಸವನ್ನೇ ಕಲಿಸಿದರು. "ಮೂರ್ ಸಾಕ್ಷಿ ಇರ್ತಾವ ಯವ್ವಾ. ಪೆಟ್ರೋಲ್ ಒಂದು, ಕಿಡಿ ಒಂದು, ಗಾಳಿ ಒಂದು. ಮೂರೂ ಖರೆ ಹೇಳಿದ್ರ ಗಾಡಿ ನಿಲ್ಲಂಗಿಲ್ಲ. ಯಾವುದಾರ ಒಂದು ಸುಳ್ಳ ಹೇಳಾಕತ್ತಿರ್ತೈತಿ, ಅದನ್ನ ಹಿಡಿ." ಪೈಪು ಬಿಚ್ಚಿ ಪೆಟ್ರೋಲು ಇಳಿಯುತ್ತದೆಯೇ ನೋಡುವುದು. ಪ್ಲಗ್ ಬಿಚ್ಚಿ, ಕ್ಯಾಪಿಗೆ ಸಿಕ್ಕಿಸಿ, ಇಂಜಿನ್ನಿಗೆ ತಾಗಿಸಿ ಹಿಡಿದು ಕಿಕ್ ಹೊಡೆದು ನೀಲಿ ಕಿಡಿ ಹಾರುತ್ತದೆಯೇ ನೋಡುವುದು. ಪ್ಲಗ್ ಒದ್ದೆಯಿದ್ದರೆ ಪೆಟ್ರೋಲು ಹೆಚ್ಚಾಗಿದೆ, ಒರೆಸಿ ಹಾಕುವುದು. ಕಲ್ಲಿನ ಕ್ವಾರಿಯ ರಸ್ತೆಯಲ್ಲಿ ಓಡಾಡಿದ ವಾರ ಏರ್ ಫಿಲ್ಟರ್ ತೆಗೆದು ಧೂಳು ಕೊಡವುವುದು. ಕ್ಲಚ್ ವೈರು ಹರಿದರೆ ಗಾಡಿಯನ್ನು ನ್ಯೂಟ್ರಲ್ಲಿನಲ್ಲಿ ಚಾಲೂ ಮಾಡಿ, ನೂಕಿಕೊಂಡು ಓಡಿ, ಹತ್ತಿ, ಗೇರು ಒತ್ತಿ ಊರು ಮುಟ್ಟುವುದು. ಅದನ್ನು ಅವರು ಆ ವಯಸ್ಸಿನಲ್ಲಿ ಓಣಿಯ ಉದ್ದಕ್ಕೂ ಓಡಿ ತೋರಿಸಿದರು. ಧೋತರ ಕಟ್ಟಿದ ಮುದುಕ ಓಡುವ ಗಾಡಿಗೆ ಜಿಗಿಯುವುದನ್ನು ನೋಡಿ ಕಟ್ಟೆಯವರು ಸಿಳ್ಳೆ ಹಾಕಿದರು.

ನನ್ನ ಪೆದ್ದುತನಗಳಿಗೂ ಕೊರತೆಯಿರಲಿಲ್ಲ. ಚೈನು ಕಿರುಗುಟ್ಟುತ್ತಿದೆ ಎಂದು ಒಮ್ಮೆ ಅಡಿಗೆಮನೆಯ ಕುಸುಬಿ ಎಣ್ಣೆಯನ್ನು ಧಾರಾಳವಾಗಿ ಸುರಿದೆ. ತವರೂರು ಬಾದಾಮಿಯಲ್ಲಿ ನಮ್ಮವ್ವ ಬಾಗಿಲ ತಿರುಗಣಿಗೂ ಅದನ್ನೇ ಬಿಡುತ್ತಿದ್ದಳು. ಎಂಟು ದಿನದಲ್ಲಿ ಅದು ಗಾಳಿಗೆ ಅಂಟಾಗಿ, ದಾರಿಯ ಧೂಳನ್ನೆಲ್ಲ ಹಿಡಿದುಕೊಂಡು, ಚೈನು ಕರಿಬೆಲ್ಲದ ಪಾಕದಲ್ಲಿ ಅದ್ದಿ ತೆಗೆದ ಹಾಗಾಯಿತು. ಕಾಕಾ ಬೆರಳಿನಿಂದ ಸವರಿ ಮೂಸಿ ನೋಡಿದರು.

"ಏನಬೇ, ಚೈನಿಗೆ ಒಗ್ಗರಣಿ ಕೊಟ್ಟೀಯೇನು? ಸಾಸಿವಿ ಜೀರಗಿ ಹಾಕೂದ್ ಮರತಿ."

ಮಧ್ಯಾಹ್ನವೆಲ್ಲ ಕುಳಿತು ಡೀಸೆಲ್ಲು, ಹಳೆಯ ಹಲ್ಲುಜ್ಜುವ ಬ್ರಷ್ಷು ಹಿಡಿದು ಆ ಅಂಟನ್ನು ಕೆರೆದೆವು. ಕೆರೆಯುತ್ತಾ ಕೆರೆಯುತ್ತಾ ನಾನೇ ಕೇಳಿದೆ, ಕೋರ್ಟಿನವರಿಗೆ ಈ ವಿದ್ಯೆ ಎಲ್ಲಿಂದ ಬಂತು ಅಂತ. ಅವರು ಬ್ರಷ್ಷು ಕೆಳಗಿಟ್ಟು ಹೇಳಿದ್ದು ಇಷ್ಟು.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಹೊಳೆ ದಂಡೆಯ ಒಂದು ಹಳ್ಳಿಗೆ ಹೋಗಿದ್ದರಂತೆ. ಅಣ್ಣತಮ್ಮಂದಿರ ಹೊಲದ ಜಗಳದ ಸಮನ್ಸು. ಕೊಟ್ಟು ಹೊರಗೆ ಬಂದರೆ ಗಾಡಿ ಕೈಕೊಟ್ಟಿತ್ತು. ಅಷ್ಟರಲ್ಲಿ ಊರಿಗೆಲ್ಲ ಸುದ್ದಿಯಾಗಿ ಬಾಗಿಲುಗಳು ಮುಚ್ಚಿದ್ದವು. ಸೈಕಲ್ ಅಂಗಡಿಯವನು ಪಾನಾ ಕೈಯಲ್ಲಿ ಹಿಡಿದುಕೊಂಡೇ ತನ್ನ ಹತ್ತಿರ ಪಾನಾ ಇಲ್ಲವೆಂದನಂತೆ. ಬಿಸಿಲಲ್ಲಿ ಗಾಡಿ ನೂಕಿಕೊಂಡು ಬೇವಿನ ಗಿಡದ ಕೆಳಗೆ ಬಂದು, ತಿಳಿದಂತೆ ಕಾರ್ಬೊರೇಟರಿನ ಪೈಪು ಕಿತ್ತು, ಕಸ ಹೋಗಲೆಂದು ಬಾಯಿಯಿಂದ ಊದಿದರು, ಹೀರಿದರು.

"ಬಾಯಿ ತುಂಬಾ ಪೆಟ್ರೋಲ್ ಆತು ಯವ್ವಾ. ಗಂಟಲಾ ಉರಿಯಾಕತ್ತಿತು. ಎದುರಿಗೇ ಬಾವಿ ಐತಿ, ಹೆಣ್ಮಕ್ಕಳು ನೀರ್ ಸೇದಾಕತ್ತಾರ. ಕೊಟ್ಟಾರು, ಕೊಟ್ಟಾರು ಅಂತ ಅಲ್ಲೇ ನಿಂತೆ. ಕೊಡ ಹೊತ್ಕೊಂಡು ಹಂಗ ಹ್ವಾದ್ರು. ಒಬ್ಬಾಕೀನೂ ಒಂದ್ ಲೋಟ ನೀರ್ ಕೊಡ್ಲಿಲ್ಲ." ಬ್ರಷ್ಷನ್ನು ಮತ್ತೆ ಕೈಗೆತ್ತಿಕೊಂಡು, "ಅವತ್ತಾ ಪಾನಾ, ಪ್ಲಗ್, ವೈರ್ ಎಲ್ಲಾ ತಗೊಂಡೆ. ಒಂದ್ ನೀರಿನ ಬಾಟ್ಲಿನೂ. ಯಾರ ಕೈ ಕಾಯಬಾರ್ದು ನೋಡು" ಎಂದರು.

ಎಂಥಾ ಮಂದಿ, ಎಂಥಾ ಮಂದಿ ಎಂದು ನಾನು ಆ ಹಳ್ಳಿಗೆಲ್ಲ ಹಿಡಿಶಾಪ ಹಾಕಿದೆ. ನಿವೃತ್ತಿಯಾಗುವವರೆಗೂ ಹಾಗೆಯೇ ನಡೆಯಿತಂತೆ. ಕಾಗದ ಮುಟ್ಟಿಸಿದ ಯಾವ ಮನೆಯಲ್ಲೂ ಒಂದು ಗುಟುಕು ನೀರು ಕುಡಿಯಲಿಲ್ಲ, ಯಾವ ಹೊಸ್ತಿಲನ್ನೂ ದಾಟಲಿಲ್ಲ. ಬರಬರುತ್ತಾ ಕಾಗದವಿಲ್ಲದ ಮನೆಗಳ ಹೊಸ್ತಿಲೂ ದಾಟಲಾಗದಂತಾಯಿತು. ಮದುವೆ ಮುಂಜಿಗೆ ಕರೆದವರೂ ಅವರು ಬಾಗಿಲಿಗೆ ಬಂದರೆ ಒಂದು ಕ್ಷಣ ಬೆಚ್ಚುವುದನ್ನು ನೋಡಿ ನೋಡಿ, ಹೋಗುವುದನ್ನೇ ಬಿಟ್ಟರು. ಹೊರಗಿನವರು ತಾವಾಗಿ ತಮ್ಮ ಅಂಗಳಕ್ಕೆ ಬರುವುದಕ್ಕೆ ಅವರಿಗೆ ಉಳಿದಿದ್ದ ದಾರಿಯೆಂದರೆ ಕೆಟ್ಟ ಗಾಡಿ ಒಂದೇ.

ಆ ಗಾಡಿಗಳು ಹಿಂಡುಗಟ್ಟಿ ಬರುತ್ತಿದ್ದುದು ಅಮಾವಾಸ್ಯೆಯ ಮರುದಿನ. ನಮ್ಮ ಕಡೆ ಅಮಾವಾಸ್ಯೆಗೆ ಗಾಡಿ ಪೂಜೆ ತಪ್ಪುವುದಿಲ್ಲ. ಲಾರಿ, ಟ್ರ್ಯಾಕ್ಟರ್, ಮೋಟಾರ್‌ಸೈಕಲ್ಲು, ಯಾವುದನ್ನೂ ಬಿಡದೆ ಎತ್ತು ಮೈ ತೊಳೆದಂತೆ ತಿಕ್ಕಿ ತೊಳೆದು, ವಿಭೂತಿ ಬಳಿದು, ಲಿಂಬೆಹಣ್ಣು ಮೆಣಸಿನಕಾಯಿ ಕಟ್ಟಿ, ಕಾಯಿ ಒಡೆಯುತ್ತಾರೆ. ಹೊಲದ ಪಂಪಿನ ಪೈಪಿನಿಂದ ಇಂಜಿನ್ನಿನ ಮೂಲೆಮೂಲೆಗೂ ನೀರು ಹೊಡೆಯುವಾಗ ಪ್ಲಗ್ಗಿನ ಕ್ಯಾಪಿನೊಳಗೂ ನೀರು ಹೋಗುತ್ತದೆ. ಹಣೆ ತುಂಬ ಕುಂಕುಮ ಇಟ್ಟುಕೊಂಡ ಗಾಡಿ ಮರುದಿನ ಬೆಳಿಗ್ಗೆ ಜಪ್ಪಯ್ಯ ಎಂದರೂ ಚಾಲೂ ಆಗುವುದಿಲ್ಲ. ಆಗ ಬೇಲೀಫ್ ಕಾಕಾನ ಅಂಗಳ ತುಂಬುತ್ತಿತ್ತು. ಅವರು ಅಂದು ಒಗೆದ ಅಂಗಿ ತೊಟ್ಟು, ದೊಡ್ಡ ಪಾತ್ರೆಯಲ್ಲಿ ಚಹಾ ಇಟ್ಟು, ಸಾಲಿನಲ್ಲಿ ನಿಂತವರಿಗೆಲ್ಲ ಕೊಡುತ್ತಿದ್ದರು. ಕ್ಯಾಪು ಕಿತ್ತು ಒರೆಸಿ ಒಣಗಿಸುವ ಕೆಲಸಕ್ಕೆ ಚಿಟಿಕೆ ಹೊಡೆಯುವಷ್ಟು ಹೊತ್ತು ಸಾಕು. ಆದರೆ ವಿಚಾರಣೆ ಬಿಡುವಂತಿಲ್ಲವಲ್ಲ.

ನನಗೆ ಅವರು ಮೊದಲ ಅಮಾವಾಸ್ಯೆಗೇ ಹೇಳಿಕೊಟ್ಟಿದ್ದರು, ತೊಳೆಯುವ ಮೊದಲು ಕ್ಯಾಪಿನ ಮೇಲೆ ಪ್ಲಾಸ್ಟಿಕ್ ಚೀಲ ಬಿಗಿದು ಕಟ್ಟಬೇಕೆಂದು. ನಾನು ಕೇಳಿದೆ, "ಇವ್ರಿಗೂ ಹೇಳಬಾರ್ದೇನ್ರಿ? ಪ್ರತಿ ಅಮಾಸಿಗೆ ಇದಾ ಹಾಡು."

"ಹೇಳಿದ್ರ ಬರೂದಿಲ್ಲ" ಎಂದರು. ಅಷ್ಟೇ. ನಕ್ಕರು, ಆದರೆ ನನ್ನ ಕಡೆ ನೋಡಲಿಲ್ಲ.

"ಮತ್ತ ನನಗ್ಯಾಕ ಹೇಳಿದ್ರಿ?"

"ನೀ ಒಬ್ಬಾಕೀನ ಅಡ್ಡಾಡಾಕಿ. ನಿನಗ ಹೇಳ್ದ ಇದ್ರ ನನಗ ನಿದ್ದಿ ಹತ್ತೂದಿಲ್ಲ."

ನನಗೆ ಒಂದೊಂದು ಕೆಲಸ ಕಲಿಸಿದಂತೆಲ್ಲ ನಾನು ಅವರ ಅಂಗಳಕ್ಕೆ ಬರುವ ಕಾರಣ ಒಂದೊಂದು ಕಡಿಮೆಯಾಗುತ್ತಿತ್ತು. ಗೊತ್ತಿದ್ದೂ ಕಲಿಸುತ್ತಿದ್ದರು. ನಾನು ಕಾರಣವಿಲ್ಲದೆಯೂ ಹೋಗುತ್ತಿದ್ದೆ, ಆ ಮಾತು ಬೇರೆ. ನನಗಾದರೂ ಆ ಓಣಿಯಲ್ಲಿ ಇನ್ಯಾರಿದ್ದರು?

ಹೀಗಿರುವಾಗ ಇಳಕಲ್ ರಸ್ತೆಯಲ್ಲಿ ಒಂದು ವಾಟರ್ ಸರ್ವೀಸಿನ ಅಂಗಡಿ ಬಂತು. ನೀರು ಹೊಡೆದು ತೊಳೆದ ಮೇಲೆ ಅವರು ಮಶಿನ್ನಿನಿಂದ ಗಾಳಿ ಹೊಡೆದು ಒಣಗಿಸಿಯೇ ಕಳಿಸುತ್ತಿದ್ದರು. ಮುಂದಿನ ಅಮಾವಾಸ್ಯೆಯ ಮರುದಿನ ನನಗೆ ರಜೆಯಿತ್ತು. ಹಿಂದಿನ ಬ್ರೇಕು ಬಿಗಿ ಮಾಡುವ ನೆವ ಹೇಳಿ ಅವರ ಅಂಗಳಕ್ಕೆ ಗಾಡಿ ತಂದೆ. ಕಾಕಾ ಒಗೆದ ಅಂಗಿ ತೊಟ್ಟು, ಪಾನಾಗಳನ್ನು ಬಟ್ಟೆಯ ಮೇಲೆ ಹರವಿಕೊಂಡು ಕುಳಿತಿದ್ದರು. ಒಳಗೆ ಚಹಾದ ಪಾತ್ರೆ ಆರಿತ್ತು. ಬಿಸಿಲು ಏರಿದರೂ ಒಬ್ಬರೂ ಬರಲಿಲ್ಲ.

"ಇವತ್ತ ಪಾಡ್ಯಾನ ಹೌದಲ್ಲಬೇ ಯವ್ವಾ?" ಎಂದು ಕೇಳಿದರು.

ಹೌದೆಂದೆ. ಆಮೇಲೆ ಮತ್ತೊಮ್ಮೆ ಕೇಳಿದರು. ಆ ಅಂಗಡಿಯ ಸುದ್ದಿ ಹೇಳಲು ನನಗೆ ಬಾಯಿ ಬರಲಿಲ್ಲ. ಸುಮ್ಮನೆ ತಲೆ ಬಗ್ಗಿಸಿ ಬ್ರೇಕಿನ ನಟ್ಟು ತಿರುವುತ್ತಾ ಕುಳಿತೆ.

ಆಗ ನನ್ನ ಮನೆಯ ಗೇಟಿನ ಮುಂದೆ ಒಂದು ಮೋಟಾರ್‌ಸೈಕಲ್ ಬಂದು ನಿಂತಿತು. ಇಳಿದ ತರುಣ ಬೀಗ ನೋಡಿ, ಕಾಗದ ಬಿಡಿಸಿ, ನನ್ನ ಹೆಸರು ಹಿಡಿದು ಕೂಗಿದ. ಬರೀ ಹೆಸರಲ್ಲ. ಮುಂದೆ 'ಕೋಂ' ಎಂದು ಸೇರಿಸಿ ಗಂಡನ ಹೆಸರನ್ನೂ ಕೂಗಿದ. ಇಂಥವರ ಹೆಂಡತಿ ಎನ್ನುವುದಕ್ಕೆ ಕೋರ್ಟಿನವರ ಮಾತು ಅದು. ಓಣಿಯ ಬಾಗಿಲುಗಳಲ್ಲಿ ಮುಖಗಳು ಕಾಣಿಸಿಕೊಂಡವು. ನಾನು ಬ್ರೇಕಿನ ನಟ್ಟು ತಿರುವುತ್ತಲೇ ಇದ್ದೆ.

"ಇಲ್ಲಿ ಅದಾರ ಬಾರೋ ತಮ್ಮಾ" ಎಂದು ಕಾಕಾ ಕರೆದರು. "ಜೋರ್ ಒದರಬ್ಯಾಡ."

ಹೊಸ ಬೇಲೀಫ. ಸಣ್ಣ ವಯಸ್ಸು, ನನಗಿಂತ ಹೆಚ್ಚು ಬೆವರಿದ್ದ. ಗ್ರೀಸಿನ ಕೈಯನ್ನು ಬಟ್ಟೆಗೆ ಒರೆಸಿಕೊಂಡು ಸಹಿ ಹಾಕಿದೆ. ಅಕ್ಷರ ಸೊಟ್ಟಗಾಯಿತು. ನೋಟೀಸನ್ನು ಓದದೆ ಮಡಚಿ ಗಾಡಿಯ ಸೀಟಿನ ಮೇಲಿಟ್ಟೆ. ಅವನು ಹೋಗಿ ಕಿಕ್ ಹೊಡೆದ. ಗಾಡಿ ಚಾಲೂ ಆಗಲಿಲ್ಲ. ಮತ್ತೆ ಹೊಡೆದ. ನಾನು ನೋಡಿದೆ, ಆ ಗಾಡಿಯ ಹ್ಯಾಂಡಲಿಗೆ ಹೊಸ ಲಿಂಬೆಹಣ್ಣು ಕಟ್ಟಿತ್ತು.

ಕಾಕಾ ಸ್ಟೂಲಿನಿಂದ ಎದ್ದೇಬಿಟ್ಟರು. "ನಿನ್ನೆ ಗಾಡಿ ತೊಳದಿ?"

"ಹೌದ್ರಿ. ಅಮಾಸಿ ಇತ್ತಲ್ರಿ."

"ಎಲ್ಲಿ ತೊಳದಿ?"

"ಮನ್ಯಾಗಾ. ಬೋರಿನ ಪೈಪ್ ಹಚ್ಚಿ."

ಕಾಕಾನ ಮುಖ ಅರಳಿತು. ಸುಳ್ಳಲ್ಲ, ಹಬ್ಬಕ್ಕೆ ಬೀಗರು ಬಂದಂತೆ ಅರಳಿತು. ನನಗೆ ಮೈಯೆಲ್ಲ ಉರಿದುಹೋಯಿತು. ಇಲ್ಲಿ ನನ್ನ ಸಂಸಾರ ಕಾಗದವಾಗಿ ಸೀಟಿನ ಮೇಲೆ ಬಿದ್ದಿದೆ, ಈ ಮುದುಕನಿಗೆ ಒಂದು ಒದ್ದೆ ಪ್ಲಗ್ ಸಿಕ್ಕಿದ್ದೇ ದೊಡ್ಡದಾಯಿತಲ್ಲ!

"ದೂಕ್ಕೋತ ಹೋಗ್ಲಿ ಬಿಡ್ರಿ ಕಾಕಾ! ಕೋರ್ಟಿನ ಮಟಾ ದೂಕ್ಲಿ. ನಾ ಏನ್ ಕರದಿದ್ದೆನಾ ಇವನ್ನ?"

ತರುಣ ತಲೆ ತಗ್ಗಿಸಿ ಗಾಡಿಯ ಸ್ಟ್ಯಾಂಡು ತೆಗೆದ. ನಿಜವಾಗಿಯೂ ನೂ​ಕಿಕೊಂಡು ಹೊರಟ. ಕಾಕಾ ನನ್ನ ಹತ್ತಿರ ಬಂದು, ಬೇರೆಯವರಿಗೆ ಕೇಳದ ಹಾಗೆ ಹೇಳಿದರು:

"ಯವ್ವಾ, ಸಿಟ್ಟ ಮಾಡು, ಬ್ಯಾಡ ಅನ್ನಂಗಿಲ್ಲ. ಆದ್ರ ಕಾಗದಾ ಬರದಾಂವ ಅಂವಲ್ಲ. ಅವಗ ಒಂದ್ ಕಪ್ ಚಾ ಕೊಡು. ನನಗ ಯಾರೂ ಕೊಡ್ಲಿಲ್ಲ."

ನಾನು ಅವರ ಮುಖ ನೋಡಿದೆ. ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ, ಅಳು ಬಂತು. ಅದನ್ನು ನುಂಗಿಕೊಂಡು ಓಣಿಗೆ ಹೋಗಿ, "ಏ ತಮ್ಮಾ, ನಿಂದ್ರು. ಗಾಡಿ ಇಲ್ಲೇ ಬಿಟ್ಟು ಬಾ, ಚಾ ಕುಡಿ" ಎಂದೆ. ಬೀಗ ತೆಗೆದು ಒಳಗೆ ಹೋಗಿ ಒಲೆ ಹಚ್ಚಿದೆ. ಅರ್ಧ ಸಕ್ಕರೆ ನೆಲಕ್ಕೆ ಚೆಲ್ಲಿತು.

ಚಹಾ ಸೋಸಿ ಹೊರಗೆ ನೋಡಿದರೆ ಇಬ್ಬರೂ ಬಾಗಿಲಲ್ಲಿ ನಿಂತಿದ್ದರು. ಒಂದು ಕಾಲು ಮೆಟ್ಟಿಲ ಮೇಲೆ, ಒಂದು ಕಾಲು ನೆಲದ ಮೇಲೆ, ಇಬ್ಬರೂ ಓರೆಯಾಗಿ.

"ಇಲ್ಲೇ ಕೊಡಬೇ" ಎಂದರು ಕಾಕಾ.

"ಕೊಡಂಗಿಲ್ಲ. ಕಾಗದಾ ತಗೊಂಡೇನಿ, ಸಹಿ ಮಾಡೇನಿ. ಇನ್ನೇನ್ ಉಳದೈತಿ? ಒಳಗ ಬಂದು ಕುಂದರ್ರಿ ಇಬ್ರೂ. ಇಲ್ಲಂದ್ರ ಈ ಚಾ ಚೆಲ್ಲಿಬಿಡ್ತೇನಿ."

ತರುಣ ಕಾಕಾನ ಮುಖ ನೋಡಿದ. ಅವರು ಬಂದರೆ ತಾನೂ ಬರುತ್ತೇನೆ ಎನ್ನುವ ಹಾಗೆ ನಿಂತ. ಕಾಕಾ ಧೋತರದ ಚುಂಗು ಬಿಚ್ಚಿ ಕೆಳಗೆ ಬಿಟ್ಟರು. ಕೆರ ಕಳಚಿದರು. ಬಾಗಿಲ ಚೌಕಟ್ಟಿಗೆ ಕೈಯೂರಿ ಒಳಗೆ ಬಂದರು. ಕುರ್ಚಿಯ ತುದಿಯಲ್ಲಿ ಕುಳಿತು, ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು, ಗೋಡೆ, ಕ್ಯಾಲೆಂಡರು, ಪಾತ್ರೆಯ ಸ್ಟ್ಯಾಂಡು, ಎಲ್ಲವನ್ನೂ ನೋಡಿದರು. ಆಮೇಲೆ ಮೇಲಕ್ಕೆ ನೋಡಿ, "ಫ್ಯಾನ್ ಭಾಳ ಸಪ್ಪಳಾ ಮಾಡ್ತೈತಿ. ನಾಳೆ ಬಂದು ಎಣ್ಣಿ ಬಿಡ್ತೇನಿ" ಎಂದರು. ನಾಳೆ ಬರುತ್ತೇನೆ ಎಂದು ಅವರು ಯಾರಿಗಾದರೂ ಹೇಳಿದ್ದನ್ನು ನಾನು ಕೇಳಿದ್ದೇ ಆಗ. ತರುಣ ಚಹಾ ಮುಗಿಸಿ ಕಪ್ಪು ತೊಳೆಯಲು ಹೋದ, ನಾನು ಬೈದು ಕಸಿದುಕೊಂಡೆ. ಆಮೇಲೆ ಕಾಕಾ ಅವನ ಗಾಡಿಯ ಕ್ಯಾಪು ಒಣಗಿಸಿದರು. ಪ್ಲಾಸ್ಟಿಕ್ ಚೀಲದ ವಿಷಯವನ್ನು ಅವನಿಗೂ ಹೇಳಿಕೊಟ್ಟರು.

ಅಂದಿನಿಂದ ಅವರು ಸಂಜೆಗೊಮ್ಮೆ ಬರತೊಡಗಿದರು. ಗೇಟಿನಲ್ಲಿ ಕೆಮ್ಮಿ, ಕೆರ ಬಿಟ್ಟು, ಅದೇ ಕುರ್ಚಿಯ ತುದಿ. ನನ್ನ ಕೇಸಿನ ತಾರೀಖಿದ್ದ ದಿನ ನನ್ನೊಡನೆ ಕೋರ್ಟಿನ ಕಟ್ಟೆಯ ಮೇಲೆ ಬಂದು ಕೂಡುತ್ತಿದ್ದರು. ಅಲ್ಲಿಯ ಹಳಬರು ನಮಸ್ಕಾರ ಹೇಳಿ ಮುಂದೆ ಹೋಗುತ್ತಿದ್ದರು. ತೀರ್ಪು ಬಂದ ದಿನ ಅವರು ಏನೂ ಕೇಳಲಿಲ್ಲ. ಮನೆಗೆ ಬಂದು ನನ್ನ ಗಾಡಿಯ ಎಂಜಿನ್ ಆಯಿಲ್ ಬದಲಿಸಿದರು. ನಾನು ಕಲ್ಲುಹಾಸಿನ ಮೇಲೆ ಕುಳಿತು ನೋಡುತ್ತಿದ್ದೆ. ಅಷ್ಟು ಸಾಕಾಗಿತ್ತು.

ಬೇಸಿಗೆ ಹತ್ತುವ ಹೊತ್ತಿಗೆ ಎದೆನೋವೆಂದರು. ಬಾಗಲಕೋಟೆಗೆ ಕರೆದೊಯ್ದೆವು, ಜೀವಂತವಾಗಿ ವಾಪಸು ಬರಲಿಲ್ಲ. ಇಳಕಲ್ಲಿನ ಅಣ್ಣನ ಮಗ ಬಂದು ಎಲ್ಲವನ್ನೂ ಕ್ರಮವಾಗಿ ಮಾಡಿದ. ವಿಭೂತಿ ಹಚ್ಚಿ ಕುಳ್ಳಿರಿಸಿದ ಕಾಕಾ ಆಗಲೂ ಸ್ವಲ್ಪ ಓರೆಯಾಗಿಯೇ ಇದ್ದರು. ಕೆಲವರು ಸರಿಪಡಿಸಲು ನೋಡಿದರು, ಆಗಲಿಲ್ಲ. ಮಣ್ಣಿಗೆ ಬಂದವರು ತೀರ ಕಡಿಮೆ. ಕೋರ್ಟಿನ ಇಬ್ಬರು ಮೂವರು, ಓಣಿಯ ಕೆಲವರು. ಅಮಾವಾಸ್ಯೆಯ ಸಾಲಿನಲ್ಲಿ ನಿಂತು ಚಹಾ ಕುಡಿದಿದ್ದ ಮುಖಗಳನ್ನು ಹುಡುಕಿದೆ, ಬೆರಳಲ್ಲಿ ಎಣಿಸುವಷ್ಟೂ ಇರಲಿಲ್ಲ. ಆ ತರುಣ ಬೇಲೀಫ ಮಾತ್ರ ಬೆಳಗಿನಿಂದ ಇದ್ದು, ಸಮಾಧಿಯ ಕುಣಿಗೆ ಇಳಿದು ಕೈಜೋಡಿಸಿದ್ದ.

ಕೈಕಾಲು ತೊಳೆಯುವ ನಲ್ಲಿಯ ಹತ್ತಿರ ಅವನು ನನ್ನ ಪಕ್ಕದಲ್ಲಿ ನಿಂತು ಹೇಳಿದ, "ಅಕ್ಕಾರ, ನಿಮಗೊಂದ್ ಮಾತ್ ಹೇಳಬೇಕಿತ್ರಿ. ಅವತ್ತ ನಿಮ್ಮ ಮನ್ಯಾಗ ಚಾ ಕುಡದೆ ನೋಡ್ರಿ, ಆಮ್ಯಾಲಿಂದ ನಾ ಎಲ್ಲಿ ಕಾಗದಾ ಕೊಟ್ರೂ ಒಂದ್ ಲೋಟ ನೀರ್ ಕೇಳ್ತೇನ್ರಿ."

"ಕೊಡ್ತಾರೇನು?"

"ಕೊಡ್ತಾರ್ರಿ. ಬೈಕೋತ ಕೊಡ್ತಾರ, ಅಳಕೋತ ಕೊಡ್ತಾರ, ಆದ್ರ ಕೊಡ್ತಾರ. ಮೊನ್ನೆ ಹೊಳಿ ಕಡಿ ಹೋಗಿದ್ದೆ, ಒಬ್ಬಾಕಿ ಮುದುಕಿ ಕಾಗದಾ ಹರದ ಒಗದು, ಒಳಗ ಹೋಗಿ ಮಜ್ಜಿಗಿ ತಂದ್ಲು. ಇಲ್ಲ ಅಂದೋರು ಇಲ್ಲೀತನಾ ಯಾರೂ ಸಿಕ್ಕಿಲ್ರಿ." ಮುಖಕ್ಕೆ ನೀರು ಹಾಕಿಕೊಂಡು ಕೇಳಿದ, "ತಮಗ ಯಾರೂ ನೀರ್ ಕೊಡ್ಲಿಲ್ಲ ಅಂತ ಕಾಕಾ ನನ್ನ ಮುಂದೂ ಒಮ್ಮೆ ಹೇಳಿದ್ರು. ಅವ್ರು ಎಂದಾರ ಕೇಳಿದ್ರೇನ್ರಿ?"

ನಾನು ನಲ್ಲಿ ತಿರುವಿ ನೀರು ನಿಲ್ಲಿಸಿದೆ. ಕೊಟ್ಟಾರು, ಕೊಟ್ಟಾರು ಅಂತ ನಿಂತೆ, ಎಂದಿದ್ದರು. ಕೇಳಿದೆ ಎಂದು ಹೇಳಿರಲಿಲ್ಲ. ಒಮ್ಮೆಯೂ ಹೇಳಿರಲಿಲ್ಲ. ಒಂದು ಇಡೀ ಆಯುಷ್ಯ, ಒಂದು ಲೋಟ ನೀರು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ, ಗಾಡಿ ಹತ್ತಿ ಮನೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತೆ. ಅವರಿಗಾಗಿ ಅತ್ತೆ, ನನಗಾಗಿಯೂ ಅತ್ತೆ. ಯಾರ ಕೈ ಕಾಯಬಾರದೆಂದು ಅವರಿಂದ ಎಲ್ಲ ಕಲಿತಿದ್ದೆ. ಗಾಡಿಯ ಯಾವ ರಿಪೇರಿಗೂ ಈಗ ನನಗೆ ಯಾರೂ ಬೇಕಿಲ್ಲ. ಆ ಓಣಿಗೆ ಬಂದು ಇಷ್ಟು ಕಾಲವಾಗಿತ್ತು, ಎದುರಿನ ಮನೆಯೊಳಗೆ ಗೋಡೆಗೆ ಯಾವ ಬಣ್ಣವಿದೆ ಎಂಬುದೂ ನನಗೆ ಗೊತ್ತಿರಲಿಲ್ಲ.

ಸ್ನಾನ ಮಾಡಿದೆ. ಸಂಜೆಯಾಗಿತ್ತು. ಓಣಿ ದಾಟಿ ಎದುರಿನ ಮನೆಯ ಬಾಗಿಲಲ್ಲಿ ನಿಂತೆ. ಆ ಮನೆಯಾಕೆ ರೊಟ್ಟಿ ಬಡಿಯುತ್ತಿದ್ದಳು. ಹಿಟ್ಟಿನ ಕೈ ಹಾಗೆಯೇ ಮೇಲೆತ್ತಿ, ಏನು ಜಗಳ ತಂದಿದ್ದೀಯೋ ಎನ್ನುವಂತೆ ನನ್ನನ್ನು ನೋಡಿದಳು.

"ಏನಿಲ್ರಿ" ಎಂದೆ. "ಒಬ್ಬಾಕೀಗೇ ಮನ್ಯಾಗ ಇರಾಕ ಆಗವಲ್ದು. ಒಳಗ ಬರ್ಲೇನ್ರಿ?"